ಖಾಲಿ ಚೀಟಿಯ ಮೇಲಿನ ಸಹಿ

ಶಹಾಬಾದ
ತಾ. ೧೪-೧೧-೧೯೮೧

ಚಿ. ಗುರುದೇವಿಗೆ,

ನಿನ್ನ ಸೂಗಪ್ಪ ಕಾಕಾನ ತುಂಬು ಮನಸ್ಸಿನ ಆಶೀರ್ವಾದ. ನಾವೆಲ್ಲ ಬಸವಣ್ಣನ ದಯೆಯಿಂದ ಉಂಡು ತಿಂದು ಆರಾಮವಾಗಿದ್ದೇವೆ. ನಿನ್ನ ಕಾಕುವಿನ ಮೊಣಕಾಲು ನೋವು ಹಾಗೇ ಇದೆ. ಬಾಯಿಗೆ ಮಾತ್ರ ಯಾವ ನೋವೂ ಇಲ್ಲ, ಆದ್ದರಿಂದ ಮನೆ ನಡೆದಿದೆ.

ಪತ್ರ ತಡವಾಯಿತು, ಬೈಯಬೇಡ. ನಿನ್ನದು ಬಂದು ಹನ್ನೆರಡು ದಿನವಾಯಿತು. ಮೂರು ಸಲ ಬರೆಯಲು ಕುಳಿತೆ, ಮೂರು ಸಲವೂ ಹರಿದು ಹಾಕಿದೆ. ಔಷಧಿ ಚೀಟಿ ಬರೆದ ಕೈ ಇದು, ನಾಲ್ಕು ಸಾಲು ದಾಟಿ ರೂಢಿಯಿಲ್ಲ. ಸಾಲದ್ದಕ್ಕೆ ನಾನು ಕಲಿತದ್ದು ನಿಜಾಮನ ಕಾಲದ ಉರ್ದು ನಾಲ್ಕನೆಯ ಇಯತ್ತೆ. ಐವತ್ತಾರರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಸ್ಸಿನ ಬೋರ್ಡು ಓದಿ, ಕ್ಯಾಲೆಂಡರು ಓದಿ, ಕೊನೆಗೆ ವಚನದ ಪುಸ್ತಕ ಓದಿ ಕನ್ನಡ ಕಲಿತೆ. ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ಈಗ ನಿನ್ನ ಮಾತಿಗೆ ಬರುತ್ತೇನೆ. ತೊಗರಿಹಾಳ ದವಾಖಾನೆಯಲ್ಲಿ ನಿನ್ನ ಮೂರು ತಿಂಗಳ ಹಂಗಾಮಿ ಆರ್ಡರು ಇದೇ ಮೂವತ್ತಕ್ಕೆ ಮುಗಿಯುತ್ತದೆ. ನಿನ್ನ ಜಾಗಕ್ಕೆ ಬರುವ ಡಾಕ್ಟರು ಯಾರೋ, ಯಾವಾಗಲೋ, ಇನ್ನೂ ಗೊತ್ತಿಲ್ಲ. ಹೋಗುವ ಮುಂಚೆ ನಲವತ್ತು ಖಾಲಿ ಚೀಟಿಗೆ ಸಹಿ ಮಾಡಿಕೊಡಿ ಎಂದು ಕಂಪೌಂಡರ್ ಭೀಮಶ್ಯಾ ದುಂಬಾಲು ಬಿದ್ದಿದ್ದಾನೆ. ನೀನು ಒಲ್ಲೆ ಎಂದದ್ದಕ್ಕೆ ಅವನು, ‘ಬಾಯಾರ, ಇದು ನಾ ಹುಟ್ಟಿಸಿದ್ದಲ್ರಿ. ನಿಮ್ಮ ಕಾಕಾನೇ ಹಾಕಿಕೊಟ್ಟ ಹಾದಿ ಅದ. ಬೇಕಾದ್ರ ಅವರಿಗೇ ಕೇಳ್ರಿ’ ಎಂದನಂತೆ. ಆಯಾ ಜಾನಬಿಯೂ ಅವನ ಕಡೆಗೇ: ‘ಸಹಿ ಮಾಡಿ ಹೋಗ ಬೇಟಿ. ನೀ ಹೋದ ಮ್ಯಾಲ ಬಡವರು ಯಾರ ಮಾರಿ ನೋಡಬೇಕು?’ ಸಹಿ ಮಾಡದೆ ಹೋದರೆ ಊರವರು ಮೇಲಿನವರಿಗೆ ಅರ್ಜಿ ಹಾಕುತ್ತಾರೆ, ಅರ್ಜಿ ಹೋದರೆ ಮುಂದಿನ ಆರ್ಡರು ಸಿಗುವುದಿಲ್ಲ ಎಂಬ ಹೆದರಿಕೆ ನಿನಗೆ. ಸಹಿ ಮಾಡಲೋ ಬಿಡಲೋ ಎಂದು ಕೇಳಿದ್ದೀ.

ಭೀಮಶ್ಯಾ ಹೇಳಿದ್ದು ಖರೆ. ಆ ಹಾದಿ ಹಾಕಿದವನು ನಾನೇ. ಹೇಗೆ ಹಾಕಿದೆ ಎಂಬುದನ್ನು ಮೊದಲು ಕೇಳು.

ನಾನು ಆ ದವಾಖಾನೆಗೆ ಕಂಪೌಂಡರಾಗಿ ಸೇರಿದಾಗ ಇದ್ದ ಡಾಕ್ಟರು ಒಂಬತ್ತು ವರ್ಷ ಕದಲಲಿಲ್ಲ. ಯಾರ ಮನೆಯ ಸೊಸೆಗೆ ಎಷ್ಟನೆಯ ಹೆರಿಗೆ, ಯಾರ ಮಾವನಿಗೆ ದಮ್ಮು, ಎಲ್ಲ ಅವರ ಬಾಯಲ್ಲೇ ಇರುತ್ತಿತ್ತು. ಅವರು ರಿಟೈರ್ ಆದ ಮೇಲೆ ಶುರುವಾಯಿತು ನೋಡು ಈ ಹಂಗಾಮಿ ಕಾಲ. ಅಡವಿ ಸೀಮೆ, ಮಳೆಗಾಲದಲ್ಲಿ ಬಸ್ಸಿಲ್ಲ, ಕಾಯಂ ಡಾಕ್ಟರು ಯಾರೂ ಒಪ್ಪಲಿಲ್ಲ. ಮೊದಮೊದಲು ಆರು ತಿಂಗಳಿಗೆ ಒಬ್ಬರು ಬಂದರು. ಆಮೇಲೆ ಮೂರು ತಿಂಗಳು. ಗುಲಬರ್ಗಾದಲ್ಲಿ ಕಾಲೇಜು ಆದ ಮೇಲಂತೂ ಮುಂದಿನ ಓದಿಗೆ ಸೀಟು ಸಿಗುವವರೆಗೆ ಎಂದು ಹುಡುಗರು ಬರುತ್ತಿದ್ದರು. ಪೆಟ್ಟಿಗೆಯ ಹಗ್ಗ ಸಹ ಬಿಚ್ಚುತ್ತಿರಲಿಲ್ಲ. ಎಪ್ಪತ್ತರ ಮೇಲೆ ಇನ್ನೊಂದು ಬಂತು: ಮೂರು ದವಾಖಾನೆಗೆ ಒಬ್ಬರೇ ಡಾಕ್ಟರು. ಸೋಮವಾರ ನಮ್ಮಲ್ಲಿ, ಬುಧವಾರ ಇನ್ನೊಂದು ಊರು, ಶುಕ್ರವಾರ ಮತ್ತೊಂದು. ನಮ್ಮ ಮಂದಿ ಮಂಗಳವಾರ ಜ್ವರ ಬಂದರೆ ಸೋಮವಾರದವರೆಗೆ ಕಾಯುವುದನ್ನು ಕಲಿತರು.

ಮಡಿವಾಳಯ್ಯ ಮುತ್ಯಾ ಎಂದು ಒಬ್ಬ ಕೆಮ್ಮಿನ ಮುದುಕ ಇದ್ದ. ಹೊಸ ಡಾಕ್ಟರೊಬ್ಬರು, ‘ಯಾವಾಗಿಂದ ಅದ ಕೆಮ್ಮು? ಮೊದಲಿಂದ ಹೇಳ್ರಿ’ ಎಂದರು. ಮುದುಕ ನನ್ನ ಕಡೆ ತಿರುಗಿ, ‘ಏ ಸೂಗಪ್ಪಾ, ನೀನೇ ಹೇಳಪ್ಪ. ಒಂದ್ ವರ್ಷದಾಗ ಐದು ಮಂದಿಗೆ ಹೇಳಿ ಹೇಳಿ ನನ್ನ ಕೆಮ್ಮಿಗೇ ಬ್ಯಾಸರ ಬಂದದ’ ಎಂದ. ಡಾಕ್ಟರೂ ನಕ್ಕರು. ನಾನೇ ಹೇಳಿದೆ. ನನಗೆ ಎಲ್ಲರ ರೋಗವೂ ಬಾಯಿಪಾಠವಾಗಿತ್ತು. ಅಲ್ಲೇ ನನ್ನ ತಲೆ ತಿರುಗಿದ್ದು ಎಂದು ಈಗ ಅನ್ನಿಸುತ್ತದೆ.

ಒಬ್ಬ ಡಾಕ್ಟರು ಹೋಗಿ ಇನ್ನೊಬ್ಬರು ಬರುವ ನಡುವೆ ಎಂಟು ದಿನ, ಇಪ್ಪತ್ತು ದಿನ, ಒಮ್ಮೆ ಎರಡು ತಿಂಗಳು ದವಾಖಾನೆ ಬರಿದಾಗಿರುತ್ತಿತ್ತು. ಔಷಧಿ ಕಪಾಟಿನಲ್ಲಿದೆ, ರೋಗಿ ಬಾಗಿಲಲ್ಲಿದ್ದಾನೆ. ಡಾಕ್ಟರ ಸಹಿ ಇಲ್ಲದೆ ಗುಳಿಗೆ ಕೊಡುವ ಹಾಗಿಲ್ಲ. ಅದಕ್ಕೆ ನಾನು ಉಪಾಯ ಹೂಡಿದೆ. ಹೋಗುವ ಡಾಕ್ಟರಿಂದ ಖಾಲಿ ಚೀಟಿಗಳಿಗೆ ಸಹಿ ಮಾಡಿಸಿಟ್ಟುಕೊಳ್ಳುವುದು. ಮೇಲೆ ಅವರು ಹೋಗುವ ದಿನದ ತಾರೀಖು ಹಾಕುವುದು. ರೋಗಿ ಬಂದಾಗ ಹೆಸರು, ಔಷಧಿ ತುಂಬಿ ಕಿಟಕಿಯಿಂದ ಕೊಡುವುದು. ಡಾಕ್ಟರು ಹೇಳಿದ್ದನ್ನು ಕಂಪೌಂಡರ್ ಬರೆಯುವುದು ಆಗಿನ ವಾಡಿಕೆ, ಆದ್ದರಿಂದ ಅಕ್ಷರ ನನ್ನದೆಂದು ಯಾರೂ ಹುಬ್ಬೇರಿಸಲಿಲ್ಲ. ಡಾಕ್ಟರು ಒಳಗೇ ಇದ್ದಾರೆ ಎಂದು ಮಂದಿ ತಿಳಿಯುತ್ತಿದ್ದರು. ನಾವೂ ಇಲ್ಲ ಎನ್ನುತ್ತಿರಲಿಲ್ಲ, ಮನೆಯಲ್ಲಿ ಸಹ. ‘ಸೂಗಪ್ಪ ಇದ್ರ ದವಾಖಾನಿ ಎಂದೂ ಬಂದ್ ಇಲ್ಲ’ ಎಂದು ಊರು ಹೊಗಳಿತು. ನಾನು ಎದೆ ಉಬ್ಬಿಸಿಕೊಂಡು ತಿರುಗಿದೆ. ಭೀಮಶ್ಯಾ ನನ್ನ ಕೈಕೆಳಗೆ ಕಲಿತವನು, ಕಲಿಸಿದ್ದನ್ನೇ ಮಾಡುತ್ತಿದ್ದಾನೆ. ಅವನನ್ನು ಬೈಯಬೇಡ.

ಆದರೆ ಸಹಿ ಮಾಡಬೇಡ. ನಲವತ್ತೂ ಬೇಡ, ಒಂದೂ ಬೇಡ. ಇದು ನನ್ನ ಖಚಿತ ಮಾತು.

ಹಾಗಾದರೆ ಬಡವರ ಗತಿ ಏನು ಎಂದು ಜಾನಬಿ ಕೇಳಿದ್ದಾಳಲ್ಲ, ಅದು ನ್ಯಾಯವಾದ ಪ್ರಶ್ನೆ. ನೀನು ಉತ್ತರ ಕೊಟ್ಟೇ ಹೋಗಬೇಕು. ಇನ್ನೂ ಹದಿನಾರು ದಿನ ಇವೆ, ಭಾಳ ಆಯಿತು. ಕ್ಷಯದವರು, ದಮ್ಮಿನವರು, ಫಿಟ್ಸಿನವರು, ದಿನಾ ಔಷಧಿ ಬೇಕಾದವರು ಎಲ್ಲ ಸೇರಿ ಮೂವತ್ತು ಮಂದಿ ಇರಬಹುದು. ಅವರನ್ನು ಒಬ್ಬೊಬ್ಬರನ್ನಾಗಿ ಕರೆಸು. ಮುಟ್ಟಿ ನೋಡು. ನೋಡಿದ ಮೇಲೆ ಹೆಸರು, ರೋಗ, ಔಷಧಿ, ಎಷ್ಟು ದಿನ ಎಂಬುದನ್ನೆಲ್ಲ ನಿನ್ನ ಕೈಯಿಂದಲೇ ಬರೆದು, ನೋಡಿದ ದಿನದ ತಾರೀಖು ಹಾಕಿ ಸಹಿ ಮಾಡು. ಅಂಥವು ಅರವತ್ತು ಬರೆದರೂ ನಾನು ಬೇಡ ಎನ್ನುವುದಿಲ್ಲ. ಅದು ಡಾಕ್ಟರ ಕೆಲಸ. ಖಾಲಿ ಚೀಟಿ ಅಂದರೆ ಇನ್ನೂ ಬಾರದ ರೋಗಿಗೆ, ನೀನು ಕಾಣದ ರೋಗಕ್ಕೆ, ನೀನು ಹೇಳದ ಔಷಧಿ.

ಎರಡನೆಯದು, ಬಾಗಿಲಿಗೆ ಒಂದು ಹಲಗೆ ಕಟ್ಟಿಸು: ‘ಡಾಕ್ಟರು ಇಲ್ಲ’ ಎಂದು ಮೊಳದುದ್ದ ಅಕ್ಷರದಲ್ಲಿ, ಕನ್ನಡ, ಉರ್ದು, ತೆಲುಗು ಮೂರರಲ್ಲೂ. ಓದಲು ಬಾರದವರಿಗಾಗಿ ಸಂತೆಯ ದಿನ ಡಂಗುರ ಹೊಡೆಸು. ಭೀಮಶ್ಯಾನಿಗೆ ಸಿಟ್ಟು ಬರುತ್ತದೆ. ಬರಲಿ. ಇಲ್ಲ ಎಂದು ಗೊತ್ತಾದರೆ ಮಂದಿ ಬೇರೆ ದಾರಿ ಹುಡುಕುತ್ತಾರೆ, ಗುರು. ಇದ್ದಾರೆ ಎಂದು ನಂಬಿ ಕುಳಿತರೇ ಅಪಾಯ.

ಭೀಮಶ್ಯಾನನ್ನು ಕೂರಿಸಿಕೊಂಡು, ಅವನು ಮುಟ್ಟಲೇಬಾರದ್ದು ಯಾವುದು ಎಂದು ಹೇಳು. ಹಾವು ಕಡಿದದ್ದು, ಬಸುರಿಗೆ ರಕ್ತ ಹೋಗುವುದು, ಹಾಲು ಕುಡಿಯದಾದ ಕೂಸು, ಗಟ್ಟಿಯಾದ ಹೊಟ್ಟೆ. ಇವು ಬಂದರೆ ಗುಳಿಗೆ ಬೇಡ, ಹನಿ ಬೇಡ, ಸೀದಾ ಸೇಡಂನ ದೊಡ್ಡ ದವಾಖಾನೆಗೆ ಗಾಡಿ ಹತ್ತಿಸುವುದು. ಚಿಮ್ಮನಚೋಡ ಕಡೆಯಿಂದ ದಿನಾ ಸೇಡಂಗೆ ಹೋಗುವ ಲಾರಿಯವರಿದ್ದಾರೆ. ಅವರೊಂದಿಗೆ ನಾನು ಮಾತಾಡುತ್ತೇನೆ; ಇಲ್ಲಿ ಕಲ್ಲಿನ ಲಾರಿಯವರೆಲ್ಲ ಅವರ ಬೀಗರೇ. ನನ್ನ ಹೆಸರು ಹೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ, ಅಷ್ಟು ಧೈರ್ಯ ನನಗಿದೆ. ಅವರಲ್ಲಿ ಅರ್ಧ ಮಂದಿಗೆ ಸಣ್ಣವರಿದ್ದಾಗ ಗಾಯಕ್ಕೆ ಪಟ್ಟಿ ಕಟ್ಟಿದ್ದೇನೆ.

ಅರ್ಜಿಗೆ ಹೆದರಬೇಡ. ಊರವರು ನಾಲ್ಕು ದಿನ ಬೈಯುತ್ತಾರೆ. ಹಂಗಾಮಿ ಡಾಕ್ಟರು ಅಂದರೆ ಅರ್ಧ ಡಾಕ್ಟರು ಎಂದು ನಿನ್ನ ಗೆಳತಿಯರು ಅನ್ನುತ್ತಾರೆ ಎಂದು ಬರೆದಿದ್ದೀ. ಇಪ್ಪತ್ತೊಂಬತ್ತು ವರ್ಷ ನಾನು ನೋಡಿದ್ದೇನೆ. ಒಂಬತ್ತು ವರ್ಷ ಇದ್ದವರೂ ನಾಡಿ ಹಿಡಿಯದೆ ಚೀಟಿ ಬರೆದದ್ದುಂಟು. ನಲವತ್ತು ದಿನಕ್ಕೆ ಬಂದ ಹುಡುಗನೊಬ್ಬ ಮೊಳಕಾಲುದ್ದ ಕೆಸರಿನಲ್ಲಿ ನಡೆದು ಹೋಗಿ ಹೆರಿಗೆ ಮಾಡಿಸಿದ್ದೂ ಉಂಟು. ಆರ್ಡರು ಹಂಗಾಮಿ ಇರಲಿ. ರೋಗಿಯ ಮುಂದೆ ಕುಳಿತಷ್ಟು ಹೊತ್ತು ನೀನು ಕಾಯಂ.

ಇನ್ನೇನು? ನಿನ್ನ ಅಪ್ಪ ಚೆನ್ನಾಗಿದ್ದಾನೆ. ಕಲ್ಲು ಪಾಲಿಶಿನ ಕೆಲಸ ಬಿಟ್ಟು ವರ್ಷವಾದರೂ ದಿನಾ ಕಲ್ಲಿನ ಅಂಗಳಕ್ಕೆ ಹೋಗಿ, ‘ಏನ್ ಕೊಯ್ಲಿಕತ್ತೀರೋ, ಹಾಸಗಲ್ಲೋ ಹಪ್ಪಳೋ?’ ಎಂದು ಹುಡುಗರನ್ನು ಗದರಿಸಿ ಬರುತ್ತಾನೆ. ನಿನ್ನ ಕಾಕು ರೊಟ್ಟಿಗೆ ಹಚ್ಚಿಕೊಳ್ಳಲು ಅಗಸಿ ಹಿಂಡಿ ಕುಟ್ಟಿಟ್ಟಿದ್ದಾಳೆ. ಸಂತೆಗೆ ಬರುವವರ ಕೈಯಲ್ಲಿ ಕಳಿಸುತ್ತೇನೆ. ಊಟ ಬಿಡಬೇಡ. ಜಾನಬಿಗೆ ನನ್ನ ಸಲಾಮು ಹೇಳು.

ನಿನ್ನ ಕೈಗುಣ ಬೆಳೆಯಲಿ, ನೀನು ಮುಟ್ಟಿದ ಮೈಯೆಲ್ಲ ಹಗುರಾಗಲಿ, ಮಗಳೆ.

ಇಂತು ನಿನ್ನ ಪ್ರೀತಿಯ
ಸೂಗಪ್ಪ ಕಾಕಾ

ತಾ. ಕ.: ಇಲ್ಲಿಯವರೆಗಿನದು ಮೊದಲೇ ಬರೆಯಬಹುದಿತ್ತು. ಇನ್ನು ಬರೆಯುವುದಕ್ಕಾಗಿಯೇ ಮೂರು ಕಾಗದ ಹರಿದದ್ದು.

ನಿನ್ನ ಅಕ್ಕ ಶರಣಬಸಮ್ಮ ತೀರಿಕೊಂಡಾಗ ನಿನಗೆ ಆರು ವರ್ಷ, ಅವಳಿಗೆ ಒಂಬತ್ತು. ಶೌಕತ ಅಲಿ ಎಂಬ ಹಂಗಾಮಿ ಡಾಕ್ಟರು ಹೊಟ್ಟೆ ನೋಡದೆ ಔಷಧಿ ಬರೆದು ಕೊಂದರು ಎಂದು ಮನೆಯಲ್ಲಿ ಕೇಳುತ್ತಾ ಬೆಳೆದೆ. ಅಂಥ ಡಾಕ್ಟರು ಆಗಬಾರದೆಂದೇ ಓದಿದೆ ಎಂದು ನೀನು ಹೇಳಿದ್ದೂ ನೆನಪಿದೆ.

ಅವಳು ಹೊಟ್ಟೆನೋವು ಎಂದು ಬಂದ ದಿನ ಶೌಕತ ಅಲಿ ಸಾಹೇಬರು ಊರು ಬಿಟ್ಟು ಆರು ದಿನವಾಗಿತ್ತು. ನಾವೆಲ್ಲ ಆಗ ತೊಗರಿಹಾಳದಲ್ಲೇ ಇದ್ದೆವು; ನಿನ್ನ ಅಪ್ಪ ಮಾತ್ರ ಇಲ್ಲಿ ಗಣಿಯಲ್ಲಿದ್ದ. ನಿನ್ನ ಅವ್ವ ಅವಳನ್ನು ಎತ್ತಿಕೊಂಡು ಕಿಟಕಿಗೆ ಬಂದಳು. ‘ಏನೂ ಆಗಿಲ್ಲ ವೈನಿ, ಹೊಟ್ಟಿ ಕಟ್ಟ್ಯಾದ’ ಎಂದೆ. ಸಹಿ ಮಾಡಿದ ಚೀಟಿ ತೆಗೆದು ಔಡಲ ಎಣ್ಣೆ ಬರೆದೆ. ನಾನೇ ಕುಡಿಸಿದೆ. ಅವಳ ಹೊಟ್ಟೆ ಬಲಗಡೆ ಹಲಗೆಯಂತೆ ಗಟ್ಟಿಯಾಗಿತ್ತು. ಅದಕ್ಕೆ ಭೇದಿಯ ಔಷಧಿ ಕೊಟ್ಟರೆ ಒಳಗೆ ಕರುಳು ಒಡೆಯುತ್ತದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಮೂರನೆಯ ದಿನ ಹೋದಳು.

ನಿನ್ನ ಅಪ್ಪ ಆ ಚೀಟಿ ಹಿಡಿದು ದೂರು ಕೊಡಲು ಗುಲಬರ್ಗಾಕ್ಕೆ ಹೋದ. ಒಬ್ಬ ಸಾಹೇಬರು ಜೀಪಿನಲ್ಲಿ ಬಂದು ನನ್ನನ್ನು ಕೇಳಿದರು, ‘ಈ ಸಹಿ ಯಾರದು?’ ‘ಶೌಕತ ಅಲಿ ಸಾಹೇಬ್ರದು’ ಎಂದೆ. ಉಳಿದದ್ದು ಯಾರು ಬರೆದರು ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ಖಾಲಿ ಚೀಟಿಗೆ ಸಹಿ ಮಾಡಿದೆ ಎಂದು ಒಪ್ಪಿಕೊಂಡರೂ ತಪ್ಪೇ, ಆದ್ದರಿಂದ ಶೌಕತ ಅಲಿ ಸಾಹೇಬರೂ ಬಾಯಿ ಬಿಡಲಿಲ್ಲ. ಕಾಯಂ ಇದ್ದಿದ್ದರೆ ವಿಚಾರಣೆ ಆಗುತ್ತಿತ್ತು. ಹಂಗಾಮಿಗೆ ಅದೂ ಬೇಕಿಲ್ಲ. ಮುಂದಿನ ಆರ್ಡರು ಕೊಡದಿದ್ದರೆ ಆಯಿತು. ಅವರಿಗೆ ಆಗ ಇಪ್ಪತ್ತಾರು ವರ್ಷ. ನನಗೆ ಒಂದು ಕಾರ್ಡು ಹಾಕಿದ್ದರು, ಉರ್ದುವಿನಲ್ಲಿ ಒಂದೇ ಸಾಲು: ‘ಸೂಗಪ್ಪಾ, ನಿನಗೆ ಗೊತ್ತಿದೆ.’ ನಾನು ಉತ್ತರ ಬರೆಯಲಿಲ್ಲ.

ವಾಡಿ ಸ್ಟೇಷನ್ನಿನ ಹತ್ತಿರ ಅವರು ಸಣ್ಣ ದವಾಖಾನೆ ಇಟ್ಟುಕೊಂಡಿದ್ದಾರೆ. ಇಲ್ಲಿಂದ ಎರಡು ಹೆಜ್ಜೆ. ರೈಲಿನಲ್ಲಿ ಹೋಗುವಾಗ ಆ ಬೋರ್ಡು ಕಾಣದ ಕಡೆ ಕೂಡುತ್ತಿದ್ದೆ. ಹದಿನೆಂಟು ವರ್ಷ.

ಇದು ೧೫ನೆಯ ತಾರೀಖು ಬರೆದದ್ದು. ನಿನ್ನೆ ಅಣ್ಣನನ್ನು, ಅಂದರೆ ನಿನ್ನ ಅಪ್ಪನನ್ನು, ಕೂರಿಸಿ ಇಲ್ಲಿಯವರೆಗಿನ ಪತ್ರ ಓದಿದೆ. ಆಮೇಲೆ, ‘ಆ ಡಾಕ್ಟರ್ ಈಗ ಎಲ್ಲಿ ಅದಾರ?’ ಎಂದ. ಹೇಳಿದೆ. ಇಬ್ಬರೂ ಕೂಡಿ ಹೋಗೋಣ ಎಂದೆ. ‘ಬ್ಯಾಡ’ ಎಂದ. ‘ಅವರಿಗೆ ನಾ ಬೈದದ್ದು ನಾನೇ ಹೋಗಿ ವಾಪಸ್ ತೊಗೋತೀನಿ. ನಿಂದು ನೀ ನೋಡ್ಕೋ.’

ಅವನು ಇವತ್ತು ಮುಂಜಾನೆಯ ಗಾಡಿಗೆ ಹೋದ. ನಾನು ನಾಳೆಯ ಗಾಡಿಗೆ ಹೋಗುತ್ತೇನೆ.