ಹದಿನಾಲ್ಕನೇ ಎಕ್ಸಿಟ್

ಏಪ್ರಿಲ್ 5, ಶನಿವಾರ. ಪುಂಗೋಲ್, ಸಿಂಗಪುರ.

ಎದುರು ಬ್ಲಾಕಿನ ಮೈತ್ರೇಯಿ ಒಸಾಕಾದಿಂದ ಕಳಿಸಿದ ಫೋಟೋಗಳನ್ನು ಇವತ್ತು ಒಂಬತ್ತು ಸಲ ನೋಡಿದೆ. ಬೆಳಿಗ್ಗೆ ಕೋಟೆ, ಮಧ್ಯಾಹ್ನ ಚೆರ್ರಿ ಮರದ ಕೆಳಗೆ ಬುತ್ತಿ, ಸಂಜೆ ದೋಣಿ. ನಾನು ನಾಲ್ಕು ತಿಂಗಳು ಕೂತು ಮಾಡಿದ ಪ್ಲ್ಯಾನ್, ಅದೇ ಕ್ರಮದಲ್ಲಿ. ನಾವು ವೀಸಾಕ್ಕೆ ತಡವಾಗಿ ಅರ್ಜಿ ಹಾಕಿ ಇಲ್ಲೇ ಉಳಿದೆವು. ಅವಳದು ಸಿಂಗಪುರದ ಕೆಂಪು ಪಾಸ್‌ಪೋರ್ಟ್, ವೀಸಾನೇ ಬೇಡ. "ಹೆಂಗೂ ವೇಸ್ಟ್ ಆಗತ್ತೆ, ನಂಗೆ ಫಾರ್ವರ್ಡ್ ಮಾಡ್ಬಿಡೇ" ಅಂದಳು. ಮಾಡಿದೆ. ಬುದ್ಧಿ ಎಲ್ಲಿಟ್ಟಿದ್ದೆನೋ.

ಬುತ್ತಿಗೆ ಪುಳಿಯೋಗರೆ ಅಂತ ಬರೆದಿದ್ದೆ. ಅದನ್ನೂ ಬಿಟ್ಟಿಲ್ಲ ಮಹಾತಾಯಿ!

ಹೊಟ್ಟೆ ಉರಿಯುತ್ತಿದೆ. ನನ್ನ ಗಂಡ ಸಾಗರ್ "ನೆಕ್ಸ್ಟ್ ಇಯರ್ ಹೋಗೋಣ ಬಿಡು" ಎಂದವನೇ ಗೊರಕೆ ಶುರುಮಾಡಿದ.

ಆಮೇಲೆ ಅವಳದೇ ಮೆಸೇಜು: "ನಂಬಾ ಸ್ಟೇಷನ್ನಲ್ಲಿ ದಾರಿ ತಪ್ಪಿದೀವಿ ಕಣೇ. ಆ ಲೈಟ್ಸ್ ಇರೋ ಸ್ಟ್ರೀಟ್‌ಗೆ ಯಾವ ಎಕ್ಸಿಟ್?" ಸುಳ್ಳು ಹೇಳೋಣ ಅನ್ನಿಸಿತು. ಅಲೆಯಲಿ ಅರ್ಧ ಗಂಟೆ. ಆದರೆ ಬೆರಳು ತಾನೇ ಒತ್ತಿಬಿಟ್ಟಿತು: ಹದಿನಾಲ್ಕು, ಮೆಟ್ಟಿಲು ಹತ್ತಿ ನೇರ ಹೋಗು.

"ಸಿಕ್ತು! ನಮ್ಮನೆಯವ್ರು ಕೇಳ್ತಿದಾರೆ, ನೀನು ಇಲ್ಲಿಗೆ ಎಷ್ಟು ಸಲ ಬಂದಿದೀಯ ಅಂತ."

"ಒಂದ್ಸಲಾನೂ ಇಲ್ಲ" ಅಂತ ಟೈಪ್ ಮಾಡಿ, ಕಳಿಸದೆ ಅಳಿಸಿದೆ.