ಭಾನುವಾರದ ಪರೀಕ್ಷೆ

ಲಾ ಪಾಸ್, ಇಲೋಯಿಲೊ
14 ಜೂನ್ 1996

ಪ್ರೀತಿಯ ಮಕಾರಿಯೊ,

ಹೇಗಿದ್ದೀಯ? ಹಡಗಿನ ಅಡುಗೆಮನೆಯ ಬಿಸಿಗೆ ಬೆನ್ನ ತುಂಬ ಎದ್ದಿದ್ದ ಬೆವರುಗುಳ್ಳೆ ಒಣಗಿತೇ? ಕೆರೆದುಕೊಳ್ಳಬೇಡ, ಅಲ್ಲಿ ಎಣ್ಣೆ ಹಚ್ಚಲು ನಾನಿಲ್ಲ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಅಮ್ಮನ ಕೆಮ್ಮು ಇಳಿದಿದೆ, ಬೈಗುಳ ಇಳಿದಿಲ್ಲ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಹೋಗಿ ಕಿಟಕಿಯಿಂದ ನಮ್ಮ ಬಾಡಿಗೆ ಗಾಡಿ ಜೀಪ್ನಿಯನ್ನು ನೋಡಿಕೊಂಡು ಬಂದೆ.

ಅದು ಮತ್ತೆ ಕೆಟ್ಟಿತ್ತು, ಮಾರಾಯ. ಮೂರು ವಾರದ ಹಿಂದೆ ಸಂತೆ ರಸ್ತೆಯಲ್ಲಿ ದೀಪ ಹಳದಿಯಾಯಿತು, ಹಾರ್ನ್ ಕೋಳಿಮರಿಯ ಹಾಗೆ ಕೀಚ್ ಎಂದಿತು. ಮರುದಿನ ಪ್ರಯಾಣಿಕರೆಲ್ಲ ಮೀನಿನ ಬುಟ್ಟಿ ಕೆಳಗಿಟ್ಟು ತಳ್ಳಿದ ಮೇಲೇ ಹೊರಟಿದ್ದು. ನೀನು ಡ್ರೈವರನನ್ನಾಗಿ ಇಟ್ಟುಹೋದ ನಿನ್ನ ಚಿಕ್ಕಪ್ಪನ ಮಗ ಇಸಿಡ್ರೊ ಇದಕ್ಕೇ ಕಾಯುತ್ತಿದ್ದ. "ಆಲ್ಟರ್ನೇಟರ್ ಸತ್ತೋಯ್ತು ಅತ್ತಿಗೆ, ಬ್ಯಾಟರಿಗೆ ಕರೆಂಟೇ ತುಂಬ್ತಿಲ್ಲ. ಹೊಸದು ಹಾಕ್ಸಿದ್ರೆ ಎರಡು ತಿಂಗಳ ದುಡಿಮೆ ಗೋವಿಂದ. ಇನ್ನೊಂದ್ಸಲ ಕೆಟ್ರೆ ನಂಗೇ ಮಾರಿಬಿಡು ಅಂತ ಅಣ್ಣನೇ ಹೇಳಿಲ್ವಾ?" ಎಂದ. ಹೌದು, ನೀನೇ ಹೇಳಿದ್ದೆ. ಹೆಂಗಸೊಬ್ಬಳಿಗೆ ಗಾಡಿಯ ತಾಪತ್ರಯ ಬೇಡವೆಂದು ಮಾರಾಟದ ಕಾಗದಕ್ಕೆ ಸಹಿ ಹಾಕಿಯೇ ಕಳಿಸಿದ್ದೆ. ಪಕ್ಕದಲ್ಲಿ ನನ್ನದೊಂದು ಸಹಿ ಬಿದ್ದರೆ ಜೀಪ್ನಿ ಅವನದು. ಎರಡು ದಿನ ಪೆನ್ನು ಹಿಡಿದು ನಮ್ಮ ಹೊಸಿಲಲ್ಲೇ ಕೂತಿದ್ದ. ನಾವಿಬ್ಬರೂ ಸೇರಿ ಬಣ್ಣ ಬಳಿದ ಗಾಡಿ ಅದು.

ಸಹಿ ಹಾಕಲಿಲ್ಲ. ಆಲ್ಟರ್ನೇಟರ್ ಬಿಚ್ಚಿಸಿ ಗೋಣಿಚೀಲದಲ್ಲಿ ಸುತ್ತಿ, ಮೋಟಾರಿಗೆ ತಂತಿ ಸುತ್ತುವ ಮುದುಕ ಅಬುಂದಿಯೊ ಅಣ್ಣನ ಅಂಗಡಿಗೆ ಹೊತ್ತೊಯ್ದೆ. ಅವನು ಅದರ ಹೊಟ್ಟೆ ಬಗೆದು ನೋಡಿ, "ಸುರುಳಿ ಚೆನ್ನಾಗೇ ಇದೆ ತಂಗಿ. ಬ್ರಷ್ ಸವೆದಿದೆ, ಕರೆಂಟನ್ನ ಬ್ಯಾಟರಿ ಕಡೆಗೆ ಬಿಡೋ ಡಯೋಡ್ ಸುಟ್ಟಿವೆ. ಇಂಜಿನ್ ಓಡ್ತಿರೋವಾಗ ಬ್ಯಾಟರಿ ತಂತಿ ಕಿತ್ತ ಮಹಾನುಭಾವ ಯಾರು?" ಎಂದ.

ನೀನು ಹೊರಟ ದಿನ ನೆನಪಿದೆಯಾ? ಬೀದಿಯವರೆಲ್ಲರ ಮುಂದೆ ಇಂಜಿನ್ ಶುರು ಮಾಡಿ, ತಂತಿ ಕಿತ್ತು, "ನೋಡ್ರೋ, ನಿಲ್ಲಲಿಲ್ಲ! ಆಲ್ಟರ್ನೇಟರ್ ಗಟ್ಟಿ!" ಎಂದು ಎದೆ ತಟ್ಟಿಕೊಂಡೆ. "ನಿಯೆವೆಸ್, ವಾರಕ್ಕೊಮ್ಮೆ ಹಿಂಗೇ ಪರೀಕ್ಷೆ ಮಾಡ್ತಿರು" ಎಂದೆ. ಮಾಡಿದೆ. ಎಂಟು ತಿಂಗಳು, ಪ್ರತಿ ಭಾನುವಾರ ಚರ್ಚಿನಿಂದ ಬಂದವಳೇ ಬಟ್ಟೆ ಕೂಡ ಬದಲಿಸದೆ ತಂತಿ ಕಿತ್ತೆ. ಇಂಜಿನ್ ನಿಲ್ಲದಿದ್ದರೆ ನೀನು ಅಂಗಳದಲ್ಲೇ ಇದ್ದೀಯ ಅನ್ನಿಸುತ್ತಿತ್ತು. ಇದನ್ನು ಹೇಳಿದಾಗ ಅಬುಂದಿಯೊ ಅಣ್ಣ ಕಟ್ಟಿಸಿದ ಹಲ್ಲು ಕಳಚುವಷ್ಟು ನಕ್ಕ. "ಅದು ಡೀಸೆಲ್ ಕಣಮ್ಮ! ಒಂದ್ಸಲ ಶುರುವಾದ್ರೆ ಕರೆಂಟಿನ ಹಂಗೇ ಇಲ್ಲ. ಆಲ್ಟರ್ನೇಟರ್ ಜಾಗದಲ್ಲಿ ಕುಂಬಳಕಾಯಿ ಕಟ್ಟಿದ್ರೂ ನಿನ್ ಗಂಡನ ಪರೀಕ್ಷೆ ಪಾಸು. ಡಯೋಡ್ ಸುಡೋದು ಮಾತ್ರ ಆ ಕೀಳಾಟಕ್ಕೇ." ನಾನೂ ನಕ್ಕೆ. ದಾರಿಯಲ್ಲಿ ಅಳು ಬಂತು.

ಗುಜರಿಗೆ ಬಂದಿದ್ದ ಜಪಾನಿನ ಆಲ್ಟರ್ನೇಟರಿನಿಂದ ಅವನೇ ಡಯೋಡ್ ಕಿತ್ತು ನಮ್ಮದಕ್ಕೆ ಬೆಸೆದ, ಬ್ರಷ್ ಮಾತ್ರ ಹೊಸದು. ದುಡ್ಡಿನ ಬದಲು ಗಾಡಿಯಲ್ಲಿದ್ದ ನಿನ್ನ ಎರಡು ದೊಡ್ಡ ಸ್ಪೀಕರ್ ಕೊಟ್ಟುಬಿಟ್ಟೆ. ಬೈಯಬೇಡ, ಕರೆಂಟನ್ನೆಲ್ಲ ಕುಡಿಯುತ್ತಿದ್ದುದು ಅವೇ. ಈಗ ಹಾರ್ನ್ ಹೊಡೆದರೆ ನಿನ್ನ ಅಮ್ಮ ಒಳಗಿನಿಂದಲೇ ಶಪಿಸುತ್ತಾಳೆ. ಮೊನ್ನೆ ಭಾನುವಾರವೂ ನನ್ನ ಕೈ ತಾನಾಗಿ ಬ್ಯಾಟರಿಯತ್ತ ಹೋಯಿತು. ಹಿಂದಕ್ಕೆ ಎಳೆದುಕೊಂಡು ಬಾನೆಟ್ ಮುಚ್ಚಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಮೇರಿಮಾತೆ ನಿನ್ನ ಸಮುದ್ರವನ್ನು ಶಾಂತವಾಗಿಡಲಿ.

ನಿನ್ನವಳೇ ಆದ
ನಿಯೆವೆಸ್

ಮರೆತಿದ್ದೆ: ನೀನು ಸಹಿ ಹಾಕಿದ್ದ ಕಾಗದ ಇದೇ ಲಕೋಟೆಯಲ್ಲಿದೆ, ವಾಪಸ್ ಇಟ್ಟುಕೋ. ಇಸಿಡ್ರೊ ಸಿಟ್ಟಾಗಿ ಬೇರೆಯವರ ಗಾಡಿಗೆ ಹೋದ. ಹಾಗಾದರೆ ಓಡಿಸುವವರು ಯಾರು ಎಂದು ಕೇಳುತ್ತೀಯ. ನಾನೇ. ಮಾರ್ಚ್‌ನಲ್ಲೇ ಲೈಸೆನ್ಸ್ ಮಾಡಿಸಿದ್ದೆ, ಹೇಳಲು ಧೈರ್ಯ ಬಂದಿರಲಿಲ್ಲ. ಶಾಲೆ ಮಕ್ಕಳ ಸುತ್ತು ಈಗ ನನ್ನದು. ನೀನು ಬರುವ ದಿನ ವಿಮಾನ ನಿಲ್ದಾಣಕ್ಕೆ ನಾನೇ ಗಾಡಿ ತರುತ್ತೇನೆ. ನನ್ನ ಪಕ್ಕದ ಸೀಟು ನಿನ್ನದು. ಬ್ಯಾಟರಿ ತಂತಿಗೆ ಮಾತ್ರ ಕೈ ಹಾಕಬೇಡ.