ಹಳೇ ಗಿಟಾರಿನ ಗುಳಿಗಳು

21 ನವೆಂಬರ್ 1974, ಗುರುವಾರ. ಜಾದವ್‌ಪುರ

ತಪ್ಪು ನನ್ನದು. ಕ್ಷಮೆ ಕೇಳಿ ಹೋದವರು ಮಾತ್ರ ಸ್ನೇಹಲತಾ.

ನಮ್ಮ ಮಂಗಳೂರು ಕಡೆಯವರು. ಹಗಲು ಬ್ಯಾಂಕು, ಸಂಜೆ ಗಿಟಾರ್. ಅವರ ಚಿಕ್ಕ ಕೈಗೆಂದೇ ನಾಲ್ಕು ತಿಂಗಳು ಕೂತು ಹೊಸ ಗಿಟಾರೊಂದನ್ನು ಮಾಡಿದೆ. ಕಾಗದದ ಮೇಲೆ ಅಂಗೈ ಇಡಿಸಿ, ಸುತ್ತ ಪೆನ್ಸಿಲ್ ಎಳೆದು, ಆ ಅಳತೆಗೆ ತಕ್ಕಂತೆ ಕುತ್ತಿಗೆಯನ್ನು ಸಪೂರ ಮಾಡಿ, ತಂತಿಯ ಉದ್ದವನ್ನೂ ಇಳಿಸಿ ಬೆರಳಿಡುವ ಜಾಗಗಳನ್ನು ಹತ್ತಿರ ತಂದಿದ್ದೆ. ಇವತ್ತು ಬಂದು ನುಡಿಸಿದರು. ಕಿರುಬೆರಳು ಪ್ರತಿಸಲವೂ ಜಾಗ ದಾಟಿ ಆಚೆ ಬೀಳುತ್ತಿತ್ತು. ಹದಿನೆಂಟು ವರ್ಷ ದೊಡ್ಡ ಗಿಟಾರಿನ ಮೇಲೆ ಚಾಚಿ ಚಾಚಿ ಪಳಗಿದ ಬೆರಳು ಅದು. ಅವರು ನುಡಿಸಬೇಕಾದ ಕಾರ್ಯಕ್ರಮಕ್ಕೆ ಇನ್ನು ಮೂರೇ ವಾರ.

“ನನ್ನ ಕೈಯೇ ಮೊಂಡು ಮಾರಾಯ್ರೆ. ನಿಮ್ಮ ಗಿಟಾರ್ ಚಂದ ಉಂಟು. ನಿಮ್ಮ ಶ್ರಮ ದಂಡ ಮಾಡಿದೆ,” ಅಂದರು. ಬೈದಿದ್ದರೆ ಸಮಾಧಾನವಿತ್ತು.

ಅಳತೆಯ ದಿನ ಹಳೇ ಗಿಟಾರನ್ನೂ ತಂದಿದ್ದರು. ಅಂಗಡಿ ಮಾಲು, ಅದರಲ್ಲಿ ನೋಡುವುದೇನು ಎಂದು ಪೆಟ್ಟಿಗೆಯನ್ನೇ ತೆರೆಸಿರಲಿಲ್ಲ ನಾನು. ಎಂಥ ಜಂಬ! ಇವತ್ತೂ ಅದನ್ನು ತಂದಿದ್ದರು; ಕೇಳಿ ಇರಿಸಿಕೊಂಡೆ.

ಸಂಜೆ ಕರೆಂಟ್ ಹೋದಾಗ ಕತ್ತಲೆಯಲ್ಲೇ ಅದರ ಕುತ್ತಿಗೆಯ ಮೇಲೆ ಬೆರಳಾಡಿಸಿದೆ. ತಂತಿಯ ಕೆಳಗೆ ಮರ ಸವೆದು ಗುಳಿ ಬಿದ್ದಿದೆ. ಕಿರುಬೆರಳಿನ ಗುಳಿ ಎಲ್ಲಕ್ಕಿಂತ ಆಳ. ಕಾಗದದಲ್ಲಿ ಹುಡುಕಿದ ಅಳತೆ ಇಲ್ಲಿತ್ತು.

ತೋರುಬೆರಳನ್ನು ಒಂದು ಗುಳಿಯಲ್ಲಿ, ಕಿರುಬೆರಳನ್ನು ಇನ್ನೊಂದರಲ್ಲಿ ಇಟ್ಟು ಸ್ವಲ್ಪ ಹೊತ್ತು ಹಾಗೇ ಒತ್ತಿ ಹಿಡಿದೆ. ನನ್ನ ಕೈ ಅವರದಕ್ಕಿಂತ ಎಷ್ಟೋ ದೊಡ್ಡದು. ಮತ್ತೆ ಇದೇ ದೊಡ್ಡ ಅಳತೆಗೆ ಮಾಡಿಕೊಡಬೇಕೇ? ಅವರ ಬೆರಳು ಕೇಳುವುದು ಇದನ್ನೇ.

ಆ ಗುಳಿಗಳಿಗೆ ಚಾಚಿದ ನನ್ನ ಎಡಗೈ ಇನ್ನೂ ನೋಯುತ್ತಾ ಉಂಟು.